ಆಯಿಲ್ ಕುಡಿಯುವ ಮನೆಗಾಡಿ

ಇನ್ಸ್‌ಪೆಕ್ಟರು: ಕಮ್ಮಿ ಇದೆ ಅಂದ್ರೆ ಕಮ್ಮಿ ಇದೆ. ಕಡ್ಡಿ ಸುಳ್ಳು ಹೇಳುತ್ತಾ?

ಸಿಸ್ಟರಮ್ಮ: ಕಡ್ಡಿ ಯಾಕೆ ಸುಳ್ಳು ಹೇಳುತ್ತೆ? ನಿಮ್ಮ ಕನ್ನಡಕ ಹೇಳುತ್ತೆ.

ಇನ್ಸ್‌ಪೆಕ್ಟರು: ಕನ್ನಡಕ ಹೋದ ತಿಂಗಳು ಬದಲಾಯಿಸಿದ್ದು.

ಸಿಸ್ಟರಮ್ಮ: ಹಾಗಾದ್ರೆ ಕಣ್ಣು ಹೇಳುತ್ತೆ. ನಿನ್ನೆ ನಾನು ನೋಡಿದಾಗ ಆಯಿಲ್ಲು ಮೇಲಿನ ಗೆರೆ ದಾಟಿ ನಿಂತಿತ್ತು.

ಇನ್ಸ್‌ಪೆಕ್ಟರು: ನೀನು ಯಾವಾಗ ನೋಡಿದೆ? ನಿನಗ್ಯಾಕೆ ಇಂಜಿನ್ ಉಸಾಬರಿ?

ಸಿಸ್ಟರಮ್ಮ: ನಾನೂ ಕೂತ್ಕೊಂಡು ಹೋಗೋ ಗಾಡಿ ತಾನೆ? ಹೊರಡೋಕೆ ಮುಂಚೆ ಅದರ ನಾಡಿ ಹಿಡಿದು ನೋಡೋದು ತಪ್ಪಾ?

ಈ ಮಾತುಕತೆ ನಡೆಯುತ್ತಿದ್ದದ್ದು ಮನೆಯ ಅಂಗಳದಲ್ಲಿ ನಿಂತಿದ್ದ ಮನೆಗಾಡಿಯ ಒಳಗೆ. ಮನೆಗಾಡಿ ಎಂದರೆ ಹಾಸಿಗೆ, ಒಲೆ, ನೀರಿನ ಟ್ಯಾಂಕು, ಬೀರುವಿನಷ್ಟೇ ಅಗಲದ ಒಂದು ಬಚ್ಚಲು, ಎಲ್ಲವನ್ನೂ ಬೆನ್ನ ಮೇಲೆ ಹೊತ್ತ ಒಂದು ಉದ್ದನೆಯ ವ್ಯಾನು. ಇದರ ಇಂಜಿನ್ನು ಮುಂದಿನ ಎರಡು ಸೀಟುಗಳ ನಡುವೆ ಒಂದು ಮುಚ್ಚಳದ ಕೆಳಗೆ ಕೂತಿದೆ. ಒಳಗೆ ಆಯಿಲ್ ಎಷ್ಟಿದೆ ಎಂದು ತೋರಿಸುವ, ಮೇಲೊಂದು ಕೆಳಗೊಂದು ಗೆರೆ ಕೊರೆದ ಕಡ್ಡಿಯೂ ಅಲ್ಲೇ. ಆಯಿಲ್ ನೋಡಬೇಕಾದರೆ ಹೊರಗೆ ಇಳಿಯಬೇಕಾಗಿಲ್ಲ. ಮುಚ್ಚಳದ ಮೇಲಿನ ದಿಂಬು, ಹೆಣೆಯುವ ಉಲ್ಲನ್ನು, ಬಿಸ್ಕತ್ತಿನ ಡಬ್ಬಿ ಎಲ್ಲ ತೆಗೆದರೆ ಸಾಕು.

ಯಜಮಾನರು ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಜೀವಮಾನವಿಡೀ ತಕ್ಕಡಿಗಳನ್ನು ಅನುಮಾನಿಸಿ ಈಗ ಎಲ್ಲವನ್ನೂ ಅನುಮಾನಿಸುತ್ತಾರೆ. ಯಜಮಾನಿ ದೊಡ್ಡಾಸ್ಪತ್ರೆಯ ಹೆಡ್ ನರ್ಸ್ ಆಗಿದ್ದವರು. ಬೀದಿಯವರೆಲ್ಲ ಇಂದಿಗೂ ಸಿಸ್ಟರಮ್ಮ ಎನ್ನುತ್ತಾರೆ. ಇವರಲ್ಲಿ ಯಾರು ಜಾಸ್ತಿ ಹಟಮಾರಿ ಎಂದು ನನ್ನನ್ನು ಕೇಳಬೇಡಿ, ನಾನು ಅದೇ ಬೀದಿಯಲ್ಲಿ ಬಾಳಬೇಕಾದವನು.

ನಾಳೆ ಬೆಳಿಗ್ಗೆ ಇಬ್ಬರೂ ಮಗಳ ಊರಿಗೆ ಹೊರಡಬೇಕು. ಸೋಮವಾರ ಮಗಳು ಮತ್ತೆ ಕೆಲಸಕ್ಕೆ ಸೇರುತ್ತಾಳೆ, ಮೊಮ್ಮಗಳನ್ನು ನೋಡಿಕೊಳ್ಳಲು ಜನ ಬೇಕು. ಅವಳ ಮನೆಯಲ್ಲಿ ಇರುವುದು ಒಂದೇ ಕೋಣೆ. ಅದಕ್ಕೇ ಈ ಮನೆಗಾಡಿ ಕೊಂಡದ್ದು: ಅವಳ ಗೇಟಿನ ಮುಂದೆ ನಿಲ್ಲಿಸಿಕೊಂಡು, ಹಗಲು ಮಗು ನೋಡಿಕೊಂಡು, ರಾತ್ರಿ ಇಲ್ಲೇ ಮಲಗುವುದು. ಅಭ್ಯಾಸವಾಗಲಿ ಎಂದು ಕೆಲವು ವಾರಗಳಿಂದ ಸ್ವಂತ ಮನೆಗೆ ಬೀಗ ಹಾಕಿ ಸ್ವಂತ ಅಂಗಳದಲ್ಲೇ ಸಂಸಾರ ಹೂಡಿದ್ದಾರೆ. ಇವರು ಹೋಗದಿದ್ದರೆ ಮಗಳು ತನ್ನ ಅತ್ತೆಯನ್ನು ಕರೆಸುತ್ತಾಳೆ. ಆ ಮಾತು ಬಂದಾಗಲೆಲ್ಲ ಸಿಸ್ಟರಮ್ಮನ ಹುಬ್ಬು ತಾನಾಗಿ ಮೇಲೇರುತ್ತದೆ.

ಸಿಸ್ಟರಮ್ಮ: ನೋಡಿ, ಕಡ್ಡಿ ಪುರಾಣ ಆಮೇಲೆ. ಮೊದಲು ಆ ಗುಂಡಿ ಒತ್ತಿ ಗಾಡಿ ಇಳಿಸಿ. ನಾನು ಹಾಲು ಇಡಬೇಕು.

ಇನ್ಸ್‌ಪೆಕ್ಟರು: ಇನ್ನೊಂದು ಸ್ವಲ್ಪ ಹೊತ್ತು ಎತ್ತರದಲ್ಲೇ ಇರಲಿ. ಎದೆಯುರಿ ಈಗ ಇಳೀತಾ ಇದೆ.

ಸಿಸ್ಟರಮ್ಮ: ನಿಮ್ಮ ಎದೆಯುರಿಗೆ ಇಡೀ ಮನೆ ಓರೆಯಾಗಬೇಕಾ? ರಾತ್ರಿಯೆಲ್ಲ ನಾನು ಜಾರಿ ಜಾರಿ ಕಾಲ ಹತ್ತಿರ ಮುದ್ದೆಯಾಗಿರ್ತೀನಿ.

ಇನ್ಸ್‌ಪೆಕ್ಟರು: ತಲೆ ಎತ್ತರಕ್ಕೆ ಇಟ್ಟು ಮಲಗಿ ಅಂತ ಹೇಳಿದ್ದು ಯಾರು?

ಸಿಸ್ಟರಮ್ಮ: ದಿಂಬು ಇಟ್ಕೊಳ್ಳಿ ಅಂತ ಹೇಳಿದ್ದು. ಗಾಡಿನೇ ಎತ್ತಿ ಅಂತ ಯಾವ ಆಸ್ಪತ್ರೆಯಲ್ಲೂ ಹೇಳಲ್ಲ.

ಈ ಗಾಡಿಗೆ ಕಬ್ಬಿಣದ ಕಾಲುಗಳಿವೆ. ಡ್ರೈವರ್ ಸೀಟಿನ ಪಕ್ಕದ ಗುಂಡಿ ಒತ್ತಿದರೆ ಕಾಲುಗಳು ನೆಲಕ್ಕೆ ಊರಿ, ಗಾಡಿಯ ಮುಂಭಾಗ ಬೇಕಾದಷ್ಟು ಮೇಲೇಳುತ್ತದೆ, ಬೇಡವಾದರೆ ಇಳಿಯುತ್ತದೆ. ರಾತ್ರಿ ಮಲಗುವಾಗ ಇನ್ಸ್‌ಪೆಕ್ಟರು ಎತ್ತುತ್ತಾರೆ. ಬೆಳಿಗ್ಗೆ ಅಡುಗೆಗೆ ನಿಂತಾಗ ಸಿಸ್ಟರಮ್ಮ ಇಳಿಸುತ್ತಾರೆ. ಈಗಲೂ ಅವರೇ ಕೈ ಚಾಚಿ ಗುಂಡಿ ಒತ್ತಿದರು. ಗಾಡಿ ನರಳುತ್ತಾ ಇಳಿದು ಸಮವಾಗಿ ನಿಂತಿತು.

ಸಿಸ್ಟರಮ್ಮ: ಹಾಂ, ಈಗ ಮನುಷ್ಯರು ನಿಲ್ಲಬಹುದು. ತಮ್ಮನಿಗೆ ಫೋನ್ ಮಾಡಿದ್ದೀನಿ. ಆಯಿಲ್ ಡಬ್ಬ ತಗೊಂಡು ಬರ್ತಾನೆ. ಹಳೇದು ಸೋರಿಸಿ ಹೊಸದು ಹಾಕಿ ಕೊಡ್ತಾನೆ.

ಇನ್ಸ್‌ಪೆಕ್ಟರು: ಯಾರು? ಅವನಾ? ನನ್ನ ಕೇಳದೆ ಯಾಕೆ ಕರೆದೆ?

ಸಿಸ್ಟರಮ್ಮ: ಕೇಳಿದ್ರೆ ಬೇಡ ಅಂತಿದ್ರಿ.

ಇನ್ಸ್‌ಪೆಕ್ಟರು: ಬೇಡ ಅಂತಾನೇ ಅಂತಿದ್ದೆ. ನಾನು ಅವನ ಅಂಗಡಿ ಅಳತೆ ಪಾತ್ರೆ ಜಪ್ತಿ ಮಾಡಿದವನು. ಅದರ ತಳ ಒಳಗಡೆಗೆ ನೆಗ್ಗಿತ್ತು.

ಸಿಸ್ಟರಮ್ಮ: ಜಪ್ತಿ ಮಾಡೋಕೆ ಬಂದವರಿಗೆ ನಾನು ಕಾಫಿ ತಂದುಕೊಟ್ಟೆ. ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ.

ಇನ್ಸ್‌ಪೆಕ್ಟರು: ಕಾಫಿ ಲೋಟ ಮಾತ್ರ ತುಂಬಾ ಇತ್ತು. ಅದನ್ನ ನಾನು ಎಲ್ಲರ ಹತ್ರಾನೂ ಹೇಳ್ತೀನಿ.

ಸಿಸ್ಟರಮ್ಮ ಮುಖ ತಿರುಗಿಸಿ ಹಾಲಿನ ಪಾತ್ರೆ ಹುಡುಕಿದರು. ನಗು ಬಂದಾಗ ಅವರು ಯಾವಾಗಲೂ ಪಾತ್ರೆ ಹುಡುಕುತ್ತಾರೆ.

ಇನ್ಸ್‌ಪೆಕ್ಟರು: ತಮಾಷೆ ಬಿಡು. ಒಂದು ವಿಷಯ ನಿನಗೆ ಹೇಳಬೇಕು. ಹೇಳಬಾರದು ಅಂತಿದ್ದೆ. ಈ ಗಾಡಿ ಆಯಿಲ್ ಕುಡೀತಾ ಇದೆ.

ಸಿಸ್ಟರಮ್ಮ: ಕುಡೀತಾ ಇದೆಯಾ?

ಇನ್ಸ್‌ಪೆಕ್ಟರು: ದಿನಾ ಕುಡಿಯುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಕೆಳಗಿನ ಗೆರೆಗಿಂತ ಕೆಳಗೆ. ದಾರಿ ಮಧ್ಯ ಇಂಜಿನ್ ಕಚ್ಕೊಂಡು ನಿಂತ್ರೆ ಗತಿ ಏನು? ಅದಕ್ಕೆ ಗಟ್ಟಿ ಆಯಿಲ್ ಬೇಕು. ತೆಳು ಆಯಿಲ್ ಇದಕ್ಕೆ ನೀರು ಕುಡಿದಷ್ಟು ಸಲೀಸು.

ಸಿಸ್ಟರಮ್ಮ: ಏನೂ ಕುಡೀತಿಲ್ಲ. ಇನ್ನೂ ಸ್ವಲ್ಪ ಹೆಚ್ಚೇ ಆಗಿ ಉಬ್ಬಿಕೊಂಡಿದೆ.

ಇನ್ಸ್‌ಪೆಕ್ಟರು: ಉಬ್ಬೋಕೆ ಅದೇನು ಕಾಲಾ?

ಸಿಸ್ಟರಮ್ಮ: ನಾಳೆ ಹೊರಡೋದು ಬೇಡ ಅನ್ನೋಕೆ ಇದೊಂದು ನೆವ. ಹೋದ ಸಲ ಟೈರು, ಅದಕ್ಕೂ ಮುಂಚೆ ಹಾರ್ನು. ಅಲ್ಲಿ ಬೀಗಿತ್ತಿ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿ ಬಾಗಿಲಲ್ಲೇ ಕೂತಿದ್ದಾರೆ. ಮಗು ಮೊದಲನೇ ಸಲ ಅಜ್ಜಿ ಅಂದಾಗ ಎದುರಿಗೆ ಅವರಿದ್ರೆ ನಾನೇನು ಮಾಡಲಿ?

ಇನ್ಸ್‌ಪೆಕ್ಟರು: ನನಗೇನು ಆಸೆ ಇಲ್ವಾ? ಮಗು ತಾತ ಅನ್ನೋದು ಬೇಡವಾ ನನಗೆ?

ಈ ಮಾತನ್ನು ಅವರು ಕಡ್ಡಿ ಒರೆಸುತ್ತಾ ಹೇಳಿದರು. ಒರೆಸಿದ್ದ ಕಡ್ಡಿಯನ್ನೇ ಮತ್ತೆ ಒರೆಸಿದರು. ನೆವ ಹೇಳುವವರ ದನಿ ಹಾಗಿರುವುದಿಲ್ಲ. ಅದು ಸಿಸ್ಟರಮ್ಮನಿಗೂ ತಿಳಿಯಿತು. ತಿಳಿದದ್ದನ್ನು ಒಪ್ಪಿಕೊಳ್ಳುವಷ್ಟರಲ್ಲಿ ಗೇಟಿನ ಬಳಿ ಸ್ಕೂಟರು ನಿಂತಿತು.

ಬಂದವನು ಭಾವಮೈದ, ಸಿಸ್ಟರಮ್ಮನ ತಮ್ಮ, ಆಯಿಲ್ ಅಂಗಡಿಯವನು. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ದೊಡ್ಡ ಡಬ್ಬ, ಕಂಕುಳಲ್ಲಿ ಫಿಲ್ಟರು, ಬಾಯಲ್ಲಿ ವ್ಯಾಪಾರ. ಅವನಿಗೆ ಆಯಿಲ್ ಮಾರಲು ಬರುವಷ್ಟು ಚೆನ್ನಾಗಿ ಇಂಜಿನ್ ಬರುವುದಿಲ್ಲ, ಆದರೆ ಇವೆರಡರ ನಡುವಿನ ವ್ಯತ್ಯಾಸವನ್ನು ಅವನು ಯಾರಿಗೂ ತೋರಿಸಿಕೊಟ್ಟವನಲ್ಲ.

ಭಾವಮೈದ: ಏನು ಭಾವ, ಚೆನ್ನಾಗಿದ್ದೀರಾ? ಅಳತೆ ಪಾತ್ರೆ ತಂದಿಲ್ಲ. ಹೆದರ್ಕೋಬೇಡಿ. ಸೀಲ್ ಮಾಡಿದ ಡಬ್ಬ.

ಇನ್ಸ್‌ಪೆಕ್ಟರು: ಸೀಲು ಯಾರು ಬೇಕಾದ್ರೂ ಹಾಕ್ತಾರೆ. ನನ್ನ ಹಿತ್ತಾಳೆ ಲೀಟರಿದೆ, ಅದರಲ್ಲಿ ಅಳೆದೇ ಹಾಕೋದು.

ಭಾವಮೈದ: ಅಳೀರಿ. ಆವತ್ತು ನನ್ನ ಅಳತೆ ಪಾತ್ರೆನೂ ಹೋಯ್ತು, ಅಕ್ಕನೂ ಹೋದ್ಲು. ಇನ್ನು ನನ್ನ ಹತ್ರ ಹೋಗೋಕೆ ಏನೂ ಉಳಿದಿಲ್ಲ.

ಸಿಸ್ಟರಮ್ಮ: ಬಂದಿದ್ದೇ ತಡ, ಶುರು ಹಚ್ಕೊಂಡ್ರಾ? ಲೋ, ಯಾವ ಆಯಿಲ್ ತಂದೆ ಹೇಳು.

ಭಾವಮೈದ: ಎಲ್ಲಕ್ಕಿಂತ ಮೇಲಿಂದು. ಪೂರ್ತಿ ಸಿಂಥೆಟಿಕ್. ರೇಸ್ ಕಾರಿಗೆ ಹಾಕೋದು.

ಸಿಸ್ಟರಮ್ಮ: ಇದರೊಳಗೆ ನಾನು ಹಾಲು ಕಾಯಿಸ್ತೀನಿ ಕಣೋ. ರೇಸಿಗೆ ಎಲ್ಲಿ ಹೋಗಲಿ?

ಇನ್ಸ್‌ಪೆಕ್ಟರು: ಅದು ತೆಳು. ನನಗೆ ಗಟ್ಟಿ ಬೇಕು. ಬೇರೆ ಗಾಡಿಗಳು ಬರೀ ಜನರನ್ನ ಹೊರ್ತವೆ. ಇದು ಮನೆ ಹೊರುತ್ತೆ. ಒಲೆ, ಮಂಚ, ಟ್ಯಾಂಕು, ನಿಮ್ಮಕ್ಕನ ಉಲ್ಲನ್ನು. ಇಷ್ಟು ಭಾರಕ್ಕೆ ಆಯಿಲ್ಲು ಗಟ್ಟಿ ಇರಬೇಕಾ, ಬೇಡವಾ?

ಸಿಸ್ಟರಮ್ಮ: ದಪ್ಪಗಿರೋರಿಗೆ ರಕ್ತ ಗಟ್ಟಿ ಇರಬೇಕು ಅಂತ ಯಾವ ಡಾಕ್ಟರೂ ಹೇಳಲ್ಲ. ಗಟ್ಟಿಯಾದ್ರೆ ಸಾಯ್ತಾರೆ. ತೆಳುವಾಗಿ ಓಡ್ತಾ ಇರಬೇಕು.

ಇನ್ಸ್‌ಪೆಕ್ಟರು: ಇದು ವಾರ್ಡಲ್ಲ, ಇಂಜಿನ್ನು.

ಸಿಸ್ಟರಮ್ಮ: ಇದು ತಕ್ಕಡಿನೂ ಅಲ್ಲ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಏನಿದೆ ನೋಡಿ.

ಇನ್ಸ್‌ಪೆಕ್ಟರು: ಪುಸ್ತಕದಲ್ಲಿ ತೆಳುದೇ ಬರೆದಿದ್ದಾರೆ. ಅದು ಹೊಸ ಇಂಜಿನ್ನಿಗೆ ಬರೆದಿದ್ದು. ಇದು ಕುಡಿಯೋ ಇಂಜಿನ್ನು.

ಭಾವಮೈದನ ಕಿವಿ ನೆಟ್ಟಗಾಯಿತು. ಕುಡಿಯುವ ಇಂಜಿನ್ ಎಂದರೆ ಆಯಿಲ್ ಅಂಗಡಿಯವರಿಗೆ ಕಾಯಂ ಗಿರಾಕಿ ಸಿಕ್ಕ ಹಾಗೆ.

ಭಾವಮೈದ: ಕುಡಿಯುತ್ತಾ ಭಾವ? ಅದನ್ನ ಮೊದಲೇ ಹೇಳಬಾರದಾ? ನೋಡೇಬಿಡೋಣ. ಮುಂದುಗಡೆ ಸ್ವಲ್ಪ ಮೇಲೆತ್ತಿ. ಹೇಗಿದ್ರೂ ನಾನು ಕೆಳಗೆ ನುಗ್ಗಬೇಕು.

ಸಿಸ್ಟರಮ್ಮ: ಹಾಲು ಇಟ್ಟಿದ್ದೀನಿ ಕಣೋ, ಸ್ವಲ್ಪ ತಡಿ.

ಇನ್ಸ್‌ಪೆಕ್ಟರು ತಡೆಯಲಿಲ್ಲ. ತಮ್ಮ ಮಾತಿಗೆ ಸಾಕ್ಷಿ ಸಿಕ್ಕುವ ಆತುರ. ಗುಂಡಿ ಒತ್ತಿದರು. ಗಾಡಿಯ ಮೂತಿ ಮೇಲೆದ್ದಿತು. ಒಳಗೆ ಒಲೆಯ ಮುಂದೆ ನಿಂತಿದ್ದ ಸಿಸ್ಟರಮ್ಮ ಬೀರುವಿನ ಹಿಡಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಪಾತ್ರೆ ಹಿಡಿದುಕೊಂಡು, ತವರಿನವರಿಗೂ ಗಂಡನಿಗೂ ಸೇರಿಸಿ ಏನೋ ಗೊಣಗಿದರು. ಭಾವಮೈದ ಕಡ್ಡಿ ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದು, ಕಣ್ಣಿನ ಹತ್ತಿರ ಹಿಡಿದ.

ಭಾವಮೈದ: ಅಯ್ಯಯ್ಯೋ. ಭಾವ, ಇದರಲ್ಲಿ ಆಯಿಲ್ಲೇ ಇಲ್ಲ. ತುದಿಗೆ ಒಂಚೂರು ತಾಕಿದೆ ಅಷ್ಟೆ.

ಇನ್ಸ್‌ಪೆಕ್ಟರು: ಕೇಳಿಸ್ಕೊಂಡೆಯೇನೇ? ನಿನ್ನ ತಮ್ಮನೇ ಹೇಳ್ತಿದ್ದಾನೆ. ಕನ್ನಡಕದ ವಿಷಯ ಈಗ ಮಾತಾಡು.

ಭಾವಮೈದ: ಎಲ್ಲೂ ಸೋರಿಲ್ಲ, ನೆಲ ಒಣಗಿದೆ. ಅಂದ್ರೆ ಒಳಗೇ ಸುಡ್ತಿದೆ. ಪಿಸ್ಟನ್ ರಿಂಗ್ ಸವೆದು ಹೋಗಿದೆ ಭಾವ. ಇಂಜಿನ್ ಬಿಚ್ಚಬೇಕು. ನನಗೆ ಗೊತ್ತಿರೋ ಮೆಕ್ಯಾನಿಕ್ ಇದ್ದಾನೆ, ಬಂಗಾರದಂಥ ಮನುಷ್ಯ.

ಇನ್ಸ್‌ಪೆಕ್ಟರು: ಎಷ್ಟು ದಿನ ಬೇಕು?

ಭಾವಮೈದ: ಅವನು ನಿಧಾನಸ್ಥ. ಒಂದು ತಿಂಗಳು ಅಂತ ಹೇಳಿ ಎರಡು ತಿಂಗಳು ಮಾಡ್ತಾನೆ.

ಗೆದ್ದವರ ಮುಖ ಹೀಗೆ ಇಳಿದದ್ದನ್ನು ನಾನು ನೋಡಿಲ್ಲ. ಇನ್ಸ್‌ಪೆಕ್ಟರು ಡ್ರೈವರ್ ಸೀಟಿನಲ್ಲಿ ಕುಸಿದು ಕೂತರು. ಆ ಸೀಟಿನ ಹಿಂದೆ ಮೊಮ್ಮಗಳಿಗೆಂದು ಅವರೇ ಕೊಂಡು ತಂದಿದ್ದ ಬಣ್ಣದ ಗಿಲಕಿ ನೇತಾಡುತ್ತಿತ್ತು. ಗಾಡಿ ಓರೆಯಾಗಿದ್ದರಿಂದ ಅದೂ ಓರೆಯಾಗಿತ್ತು. ಅವರಿಗೆ ನಿಜಕ್ಕೂ ದುಃಖವಾಗಿತ್ತು. ತಾವು ಹೇಳಿದ್ದು ಸರಿಯಾಯಿತಲ್ಲ ಎಂಬುದೇ ಆ ದುಃಖಕ್ಕೆ ಕಾರಣ.

ಇನ್ಸ್‌ಪೆಕ್ಟರು: ಮಗಳಿಗೆ ಫೋನ್ ಮಾಡ್ತೀನಿ. ಬೀಗಿತ್ತಿನೇ ಬರಲಿ ಅಂತ ಹೇಳ್ತೀನಿ.

ಸಿಸ್ಟರಮ್ಮ: ಫೋನ್ ಮುಟ್ಟಿದ್ರೆ ನೋಡಿ ಮತ್ತೆ.

ಇನ್ಸ್‌ಪೆಕ್ಟರು: ಮತ್ತೇನು ಮಾಡಲಿ? ಗಾಡಿ ಕೈ ಕೊಟ್ಟಿದೆ.

ಸಿಸ್ಟರಮ್ಮ: ನಾನು ಹೇಳ್ತಿದ್ದೀನಲ್ಲ, ಆಯಿಲ್ ತುಂಬಾ ಇದೆ. ದಿನಾ ನನ್ನ ಕಣ್ಣಾರೆ ನೋಡಿದ್ದೀನಿ. ದಿನಾ ಮೇಲಿನ ಗೆರೆ ದಾಟಿರುತ್ತೆ. ನೀವಿಬ್ಬರೂ ಗಂಡಸರು ಒಂದಾಗಿ ನನ್ನ ಕಿವಿ ಮೇಲೆ ಹೂವ ಇಡ್ತಾ...

ಅಷ್ಟರಲ್ಲಿ ಹಾಲು ಚೆಲ್ಲಿತು. ಸಿಸ್ಟರಮ್ಮ ಒಲೆ ಆರಿಸಿ ಪಾತ್ರೆಯತ್ತ ನೋಡಿದರು. ಅರ್ಧ ಪಾತ್ರೆಯ ಹಾಲೂ ಇರಲಿಲ್ಲ. ಆದರೂ ಅದು ಹಿಂದಿನ ಅಂಚನ್ನು ದಾಟಿ ಹರಿದಿತ್ತು, ಮುಂದಿನ ಕಡೆ ಪಾತ್ರೆಯ ತಳ ಬೆಳ್ಳಗೆ ಕಾಣುತ್ತಿತ್ತು. ಸಿಸ್ಟರಮ್ಮ ಮಾತು ನಿಲ್ಲಿಸಿದರು. ಅವರು ಮಾತಿನ ನಡುವೆ ನಿಲ್ಲುವವರಲ್ಲ. ಇನ್ಸ್‌ಪೆಕ್ಟರಿಗೆ ಗಾಬರಿಯಾಯಿತು.

ಇನ್ಸ್‌ಪೆಕ್ಟರು: ಏನೇ, ಕೈ ಸುಟ್ಕೊಂಡೆಯಾ?

ಸಿಸ್ಟರಮ್ಮ: ರೀ, ನೀವು ಬೆಳಿಗ್ಗೆ ಕಡ್ಡಿ ನೋಡೋವಾಗ ಗಾಡಿ ಎತ್ತಿರುತ್ತಾ, ಇಳಿಸಿರುತ್ತಾ?

ಇನ್ಸ್‌ಪೆಕ್ಟರು: ಎತ್ತಿರುತ್ತೆ. ನಾನು ಏಳೋ ಹೊತ್ತಿಗೆ ನೀನಿನ್ನೂ ಕಾಲ ಹತ್ರ ಮುದ್ದೆಯಾಗಿ ಮಲಗಿರ್ತೀಯಲ್ಲ.

ಸಿಸ್ಟರಮ್ಮ: ನಾನು ನೋಡೋದು ಇಳಿಸಿದ ಮೇಲೆ. ಸರೀರಿ ಆಚೆಗೆ.

ಸಿಸ್ಟರಮ್ಮ ಗುಂಡಿ ಒತ್ತಿದರು. ಗಾಡಿ ನರಳುತ್ತಾ ಇಳಿದು ಸಮವಾಯಿತು. ಕೂತು ಸ್ವಲ್ಪ ಹೊತ್ತು ಕಾದರು, ಜ್ವರ ನೋಡುವಾಗ ಕಾಯುವ ಹಾಗೆ. ಆಮೇಲೆ ತಮ್ಮನಿಗೆ ಕಣ್ಸನ್ನೆ ಮಾಡಿದರು. ಅವನು ಕಡ್ಡಿ ಇಳಿಸಿ ಎತ್ತಿದ.

ಭಾವಮೈದ: ಇದೇನಿದು. ಮೇಲಿನ ಗೆರೆಗೆ ಸರಿಯಾಗಿದೆ. ಒಂದು ಕೂದಲು ಆಚೆ ಈಚೆ ಇಲ್ಲ.

ಇನ್ಸ್‌ಪೆಕ್ಟರು: ಕೊಡಯ್ಯ ಇಲ್ಲಿ.

ಇನ್ಸ್‌ಪೆಕ್ಟರು ನೋಡಿದರು. ಕನ್ನಡಕ ತೆಗೆದು ನೋಡಿದರು. ಹಾಕಿಕೊಂಡು ನೋಡಿದರು.

ಭಾವಮೈದ: ಕಡ್ಡಿ ಇರೋದು ಇಂಜಿನ್ನಿನ ಮುಂದಿನ ತುದಿಯಲ್ಲಿ. ಮೂತಿ ಎತ್ತಿದ್ರೆ ಆಯಿಲ್ಲೆಲ್ಲ ಹಿಂದಕ್ಕೆ ಹೋಗುತ್ತೆ. ಇಷ್ಟು ಸಣ್ಣ ವಿಷಯ. ನನ್ನ ಅಂಗಡಿ ಮುಂದೆ ನೆಲ ಸಮ ಇದೆ ನೋಡಿ, ಅದಕ್ಕೆ ನನಗೆ ಹೊಳೀಲಿಲ್ಲ.

ಸಿಸ್ಟರಮ್ಮ: ಬಂಗಾರದಂಥ ಮೆಕ್ಯಾನಿಕ್ ಎಲ್ಲಿ ಹೋದ ಈಗ?

ಭಾವಮೈದ: ಅವನು ಮನೇಲಿದ್ದಾನೆ, ಅಲ್ಲೇ ಇರಲಿ ಪಾಪ. ಭಾವ, ನಿಮ್ಮ ಇಂಜಿನ್ ಕಲ್ಲುಗುಂಡು.

ಎಲ್ಲರೂ ಹಗುರಾದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಇನ್ಸ್‌ಪೆಕ್ಟರ ಮುಖ ಮಾತ್ರ ಹಗುರಾಗಲಿಲ್ಲ. ಅವರು ಹಿತ್ತಾಳೆ ಲೀಟರನ್ನು ಮೆಲ್ಲಗೆ ಸೀಟಿನ ಕೆಳಗೆ ತಳ್ಳುತ್ತಿದ್ದರು.

ಇನ್ಸ್‌ಪೆಕ್ಟರು: ಒಂದು ಮಾತು ಕೇಳಬೇಕು. ಗಾಡಿ ಕುಡೀತಾ ಇಲ್ಲ ಅಂತಾದ್ರೆ, ಮೇಲಿಂದ ಹಾಕಿದ್ರೆ ಏನಾಗುತ್ತೆ?

ಭಾವಮೈದ: ಎಷ್ಟು ಹಾಕಿದ್ರೆ?

ಇನ್ಸ್‌ಪೆಕ್ಟರು: ಸ್ವಲ್ಪ.

ಭಾವಮೈದ: ಸ್ವಲ್ಪ ಅಂದ್ರೆ? ನೀವು ಸ್ವಲ್ಪ ಅನ್ನೋ ಮಾತು ಆಡಿದ್ದನ್ನ ನಾನು ಈ ಜನ್ಮದಲ್ಲಿ ಕೇಳಿಲ್ಲ. ಗುಟುಕು, ಚಿಟಿಕೆ, ಸ್ವಲ್ಪ ಅಂದವರಿಗೆಲ್ಲ ನೋಟಿಸ್ ಕೊಟ್ಟವರು ನೀವು.

ಇನ್ಸ್‌ಪೆಕ್ಟರು: ದಿನಾ ಅರ್ಧ ಲೀಟರು. ಅಳೆದೇ ಹಾಕಿದ್ದೀನಿ. ಹಾಕಿ, ಇಂಜಿನ್ ಸ್ವಲ್ಪ ಹೊತ್ತು ಚಾಲೂ ಮಾಡಿಟ್ಟು, ಆರಿಸಿ ವಾಕಿಂಗ್ ಹೋಗ್ತಿದ್ದೆ. ನಿನ್ನೆ ಡಬ್ಬ ಖಾಲಿಯಾಯ್ತು. ಅದಕ್ಕೇ ಇವತ್ತು ಬಾಯಿಬಿಟ್ಟಿದ್ದು.

ಸಿಸ್ಟರಮ್ಮ: ಯಾವ ಡಬ್ಬ?

ಮಂಚದ ಕೆಳಗಿನಿಂದ ದೊಡ್ಡ ಡಬ್ಬ ಹೊರಗೆ ಬಂತು. ಅದರ ಹಿಂದೆ ಇನ್ನೊಂದು ಬಂತು. ಎರಡೂ ಖಾಲಿ. ಡಬ್ಬದ ಮೇಲಿನ ಅಂಗಡಿಯ ಚೀಟಿ ಓದಿ ಭಾವಮೈದನ ಮುಖ ಕಪ್ಪಿಟ್ಟಿತು.

ಭಾವಮೈದ: ನನ್ನ ಎದುರಿನ ಅಂಗಡಿ. ಭಾವ, ಜಪ್ತಿ ಮಾಡಿದ್ದನ್ನ ನಾನು ಹೊಟ್ಟೆಗೆ ಹಾಕ್ಕೊಂಡೆ. ಇದನ್ನ ಹೇಗೆ ಹಾಕ್ಕೊಳ್ಳಲಿ?

ಇನ್ಸ್‌ಪೆಕ್ಟರು: ನಿನ್ನ ಹತ್ರ ತಗೊಂಡ್ರೆ ನಿಮ್ಮಕ್ಕನಿಗೆ ಗೊತ್ತಾಗುತ್ತೆ. ಗಾಡಿ ಕುಡೀತಿದೆ ಅಂತ ಗೊತ್ತಾದ್ರೆ ಅವಳಿಗೆ ಯೋಚನೆ ಹತ್ತುತ್ತೆ. ಅದಕ್ಕೆ ಕದ್ದು ತಂದು ಕದ್ದು ಹಾಕ್ತಿದ್ದೆ.

ಭಾವಮೈದ: ಪುಣ್ಯಕ್ಕೆ ಪುಸ್ತಕದಲ್ಲಿರೋ ತೆಳುದೇ ತಂದಿದ್ದೀರಿ. ಆದ್ರೆ ಭಾವ, ಇಷ್ಟೆಲ್ಲ ಸುರಿದಿದ್ರೆ ಆಯಿಲ್ಲು ಎಲ್ಲ ಕಡೆಯಿಂದ ಉಕ್ಕಿ ಹರೀಬೇಕಿತ್ತಲ್ಲ. ಕಡ್ಡಿಯಲ್ಲಿ ಗೆರೆಗೆ ಸರಿಯಾಗಿ ನಿಂತಿದೆ. ಮತ್ತೆ ಕುಡಿದವರು ಯಾರು?

ಈಗ ಮುಖ ತಿರುಗಿಸುವ ಸರದಿ ಸಿಸ್ಟರಮ್ಮನದು. ಅವರು ಒಲೆ ಒರೆಸಲು ಶುರು ಮಾಡಿದರು. ಹಾಲು ಚೆಲ್ಲದ ಕಡೆಯನ್ನೂ ಒರೆಸಿದರು.

ಇನ್ಸ್‌ಪೆಕ್ಟರು: ಏನೇ, ನೀನು ಬಚ್ಚಲು ಉಪಯೋಗಿಸಬೇಡಿ, ಬಾಗಿಲು ಕಚ್ಕೊಂಡಿದೆ ಅಂತ ಇಷ್ಟು ದಿನ ಹೇಳ್ತಿದ್ದೆಯಲ್ಲ.

ಸಿಸ್ಟರಮ್ಮ: ಅದಕ್ಕೇನೀಗ?

ಇನ್ಸ್‌ಪೆಕ್ಟರು: ನೀನು ನನ್ನ ಮುಖ ನೋಡಿ ಮಾತಾಡ್ತಿಲ್ಲ. ಅದಕ್ಕೆ.

ಅವರು ಎದ್ದು ಬಚ್ಚಲಿನ ಬಾಗಿಲಿಗೆ ಕೈ ಇಟ್ಟರು. ಕಚ್ಚಿಕೊಂಡಿದ್ದ ಬಾಗಿಲು ತಳ್ಳುವ ಮೊದಲೇ ತೆರೆಯಿತು. ಒಳಗೆ ಗೋಡೆಯುದ್ದಕ್ಕೂ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮುಚ್ಚಳಕ್ಕೂ ಗಾಯಕ್ಕೆ ಸುತ್ತುವ ಬಿಳಿ ಪ್ಲಾಸ್ಟರು ಸುತ್ತಿತ್ತು. ಬಾಟಲಿಗಳಲ್ಲಿ ಆಯಿಲ್. ಮೂಲೆಯಲ್ಲಿ ಒಂದು ಬೇಸಿನ್ನು, ಅದರಲ್ಲಿ ಉದ್ದನೆಯ ರಬ್ಬರ್ ನಳಿಕೆ ಸಿಕ್ಕಿಸಿದ ದೊಡ್ಡ ಸಿರಿಂಜು.

ಭಾವಮೈದ: ಅಕ್ಕ, ಇದೇನು ಆಪರೇಷನ್ನು?

ಸಿಸ್ಟರಮ್ಮ: ನೀನೇ ತಾನೆ ಹೇಳಿದ್ದು, ಆಯಿಲ್ಲು ಮೇಲಿನ ಗೆರೆ ದಾಟಿದ್ರೆ ಇಂಜಿನ್ನಿಗೆ ಕೆಟ್ಟದ್ದು ಅಂತ? ದಿನಾ ದಾಟಿರ್ತಿತ್ತು. ಮೂಗಿನ ನಳಿಯಿಂದ ಹೊಟ್ಟೆಗೆ ಹಾಲು ಕೊಡ್ತೀವಲ್ಲ, ಅದೇ ಸಿರಿಂಜು. ಕಡ್ಡಿ ತೂತಲ್ಲಿ ನಳಿ ಇಳಿಸೋದು, ಎಷ್ಟು ಜಾಸ್ತಿ ಇದೆಯೋ ಅಷ್ಟು ಎಳೆಯೋದು. ಇವರು ವಾಕಿಂಗ್‌ನಿಂದ ಬರೋದ್ರೊಳಗೆ ಮುಗೀತಿತ್ತು.

ಇನ್ಸ್‌ಪೆಕ್ಟರು: ನಾನು ಹಾಕಿದ್ದನ್ನ ನೀನು ಎಳೀತಿದ್ದೆ.

ಸಿಸ್ಟರಮ್ಮ: ನಾನು ಎಳೆದಿದ್ದನ್ನ ನೀವು ಹಾಕ್ತಿದ್ರಿ.

ಇನ್ಸ್‌ಪೆಕ್ಟರು: ನನಗೆ ಹೇಳೋಕೆ ಏನಾಗಿತ್ತು?

ಸಿಸ್ಟರಮ್ಮ: ಆಯಿಲ್ ಜಾಸ್ತಿಯಾಗ್ತಿದೆ ಅಂದ್ರೆ ನೀವು ಸುಮ್ನಿರ್ತಿದ್ರಾ? ಇಂಜಿನ್ ತನಿಖೆ ಆಗಬೇಕು, ಹೊರಡೋದು ಮುಂದಿನ ತಿಂಗಳು ಅಂತಿದ್ರಿ. ಅಷ್ಟರಲ್ಲಿ ಬೀಗಿತ್ತಿ ಮಗುವಿನ ತೊಟ್ಟಿಲ ಪಕ್ಕ ಚಾಪೆ ಹಾಸಿರೋರು.

ಇನ್ಸ್‌ಪೆಕ್ಟರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾವು ಹೆಂಡತಿಗೆ ಯೋಚನೆಯಾಗಬಾರದೆಂದು ಕದ್ದು ಸುರಿದದ್ದು, ಅವಳು ಮೊಮ್ಮಗಳ ಆಸೆಗೆ ಕದ್ದು ಎಳೆದದ್ದು, ಎರಡೂ ಒಂದೇ ಗಾಡಿಯ ಒಂದೇ ಹೊಟ್ಟೆಯಲ್ಲಿ ನಡೆದಿತ್ತು. ಅವರು ಹೆಂಡತಿಯನ್ನು ನೋಡಿದರು. ಹೆಂಡತಿಯೂ ಈಗ ಮುಖ ನೋಡಿದರು. ನಗುವಿಗೆ ಪಾತ್ರೆ ಹುಡುಕಲಿಲ್ಲ.

ಭಾವಮೈದ ಮಾತ್ರ ಬಚ್ಚಲಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತಿದ್ದ. ಮೊದಲಿನ ಬಾಟಲಿ ಇದ್ದಿಲಿನಷ್ಟು ಕಪ್ಪು. ಅದರಾಚೆಯವು ಕಂದು. ಮಧ್ಯದವು ಹಾಲಿಲ್ಲದ ಚಹಾದ ಬಣ್ಣ. ಕೊನೆಯ ಬಾಟಲಿ ಜೇನುತುಪ್ಪದ ಹಾಗೆ ತಿಳಿಯಾಗಿತ್ತು. ಅವನು ಎದ್ದುಹೋಗಿ ಕಡ್ಡಿಯನ್ನು ಮತ್ತೊಮ್ಮೆ ಎಳೆದ. ಅದರ ತುದಿಯಲ್ಲೂ ಅದೇ ಜೇನು.

ಭಾವಮೈದ: ಅಕ್ಕ, ಭಾವ, ನಾನು ಇವತ್ತು ಯಾಕೆ ಬಂದೆ?

ಸಿಸ್ಟರಮ್ಮ: ಆಯಿಲ್ ಬದಲಾಯಿಸೋಕೆ.

ಭಾವಮೈದ: ಬದಲಾಯಿಸಿ ಆಗಿದೆ. ಒಬ್ಬರು ಮೇಲಿಂದ ಹೊಸದು ಸುರಿದಿದ್ದೀರಿ, ಇನ್ನೊಬ್ಬರು ಹಳೇದು ಎಳೆದಿದ್ದೀರಿ. ಒಳಗಿರೋದು ಬಹುಪಾಲು ಹೊಸ ಆಯಿಲ್ಲು, ಪುಸ್ತಕದಲ್ಲಿರೋ ನಂಬರು, ಗೆರೆಗೆ ಸರಿಯಾಗಿ. ನಾನು ಗ್ಯಾರೇಜುಗಳಲ್ಲಿ ಇಷ್ಟು ನೀಟಾದ ಕೆಲಸ ನೋಡಿಲ್ಲ. ಫಿಲ್ಟರ್ ಒಂದು ಹಾಕಿದ್ರೆ ನನ್ನ ಕೆಲಸ ಮುಗೀತು.

ಸಿಸ್ಟರಮ್ಮ: ಹಾಗಾದ್ರೆ ನಾಳೆ ಹೊರಡಬಹುದಾ?

ಭಾವಮೈದ: ಬೇಕಾದ್ರೆ ಈಗಲೇ ಹೊರಡಿ. ನಾನು ಡಬ್ಬ ವಾಪಸ್ ತಗೊಂಡು ಹೋಗ್ತೀನಿ. ಈ ಮನೆಗೆ ಬಂದು ಏನಾದ್ರೂ ಕಳ್ಕೊಳ್ಳದೆ ಹೋಗ್ತಿರೋದು ಇದೇ ಮೊದಲು.

ಇನ್ಸ್‌ಪೆಕ್ಟರು: ಡಬ್ಬ ಬಿಟ್ಟು ಹೋಗಯ್ಯ. ದಾರಿಗೆ ಇರಲಿ. ಅಳೆಯೋದೂ ಬೇಡ.

ಈ ಮಾತಿಗೆ ಭಾವಮೈದನ ಕೈಯಲ್ಲಿದ್ದ ಫಿಲ್ಟರು ಜಾರಿತು. ಅದನ್ನು ಎತ್ತಿಕೊಂಡು ಅವನು ಗಾಡಿಯ ಕೆಳಗೆ ನುಗ್ಗಿದ. ನುಗ್ಗುವ ಮೊದಲು, ಗುಂಡಿಯ ಹತ್ತಿರ ಯಾರೂ ಸುಳಿಯಕೂಡದೆಂದು ಇಬ್ಬರಿಂದಲೂ ಮಾತು ತೆಗೆದುಕೊಂಡ. ಅವನು ಕೈ ಒರೆಸುತ್ತಾ ಹೊರಬರುವ ಹೊತ್ತಿಗೆ ಸಿಸ್ಟರಮ್ಮನ ಫೋನ್ ಹೊಡೆದುಕೊಂಡಿತು. ಮಗಳು. ಸಿಸ್ಟರಮ್ಮ ಸ್ಪೀಕರಿಗೆ ಹಾಕಿದರು.

ಮಗಳು: ಅಮ್ಮ, ನಾಳೆ ಬರ್ತೀರಾ ಇಲ್ವಾ? ನಮ್ಮತ್ತೆ ಆಗಲೇ ಎರಡು ಸಲ ಫೋನ್ ಮಾಡಿದ್ರು. ಅವರಿಗೆ ಏನಾದ್ರೂ ಒಂದು ಹೇಳಬೇಕು.

ಸಿಸ್ಟರಮ್ಮ: ಬರ್ತೀವಿ ಅಂತ ಹೇಳು. ಬ್ಯಾಗಿಂದ ಬಟ್ಟೆ ತೆಗೆದಿಡೋಕೆ ಹೇಳು.

ಮಗಳು: ಗಾಡಿ ಆಯಿಲ್ ಬದಲಾಯಿಸಬೇಕು ಅಂತಿದ್ರಲ್ಲ?

ಸಿಸ್ಟರಮ್ಮ: ಆಯ್ತು.

ಮಗಳು: ಯಾರು ಬದಲಾಯಿಸಿದ್ರು?

ಇನ್ಸ್‌ಪೆಕ್ಟರು: ನಾನು.

ಸಿಸ್ಟರಮ್ಮ: ನಾನು.

ಇಬ್ಬರೂ ಒಟ್ಟಿಗೆ ಹೇಳಿ, ಒಟ್ಟಿಗೆ ತಿರುಗಿ ಒಬ್ಬರನ್ನೊಬ್ಬರು ನೋಡಿದರು.

ಇನ್ಸ್‌ಪೆಕ್ಟರು: ನೀನು ಹೇಗೆ ಬದಲಾಯಿಸಿದೆ? ಹೊಸ ಆಯಿಲ್ ಹಾಕಿದವನು ನಾನು. ಹಾಕೋದೇ ಬದಲಾಯಿಸೋದು.

ಸಿಸ್ಟರಮ್ಮ: ಹಳೇದು ತೆಗೀದೆ ಹೊಸದು ಹಾಕಿದ್ರೆ ಅದು ಸುರಿಯೋದು. ಬದಲಾಯಿಸೋದಲ್ಲ. ತೆಗೆದವಳು ನಾನು.

ಇನ್ಸ್‌ಪೆಕ್ಟರು: ನೀನು ನನ್ನ ಹೊಸದನ್ನೂ ತೆಗೆದಿದ್ದೀಯ. ಕೊನೆ ಬಾಟಲಿ ನೋಡು.

ಸಿಸ್ಟರಮ್ಮ: ನೀವು ನಿಲ್ಲಿಸಿದ್ರೆ ನಾನು ನಿಲ್ಲಿಸ್ತಿದ್ದೆ.

ಇನ್ಸ್‌ಪೆಕ್ಟರು: ನೀನು ನಿಲ್ಲಿಸಿದ್ರೆ ನಾನು ನಿಲ್ಲಿಸ್ತಿದ್ದೆ.

ಮಗಳು: ಅಮ್ಮ? ಅಪ್ಪ? ಏನಾಗ್ತಿದೆ ಅಲ್ಲಿ? ಹೊರಡ್ತೀರಾ ಇಲ್ವಾ, ಯಾರಾದ್ರೂ ಹೇಳಿ.

ಭಾವಮೈದ ಅಕ್ಕನ ಕೈಯಿಂದ ಫೋನ್ ತೆಗೆದುಕೊಂಡು ಗಾಡಿಯಿಂದ ಇಳಿದ. ಒಳಗೆ ಜಗಳ ಆಗಲೇ ಸಿರಿಂಜಿನ ಗೆರೆ ಸರಿಯೋ, ಹಿತ್ತಾಳೆ ಲೀಟರಿನ ಗೆರೆ ಸರಿಯೋ ಎಂಬಲ್ಲಿಗೆ ಮುಟ್ಟಿತ್ತು.

ಭಾವಮೈದ: ಖಂಡಿತ ಬರ್ತಾರೆ ಪುಟ್ಟಿ, ನಿಮ್ಮತ್ತೆಗೆ ಹೇಳಿಬಿಡು. ಆಯಿಲ್ ತುಂಬಿದೆ, ಪೆಟ್ರೋಲ್ ತುಂಬಿದೆ, ನಿಮ್ಮ ಮನೆ ಗೇಟಿನ ತನಕ ಸಾಕಾಗೋವಷ್ಟು ಜಗಳಾನೂ ತುಂಬಿಸಿ ಕಳಿಸ್ತಿದ್ದೀನಿ.